ಫೋಟೋ ತೆಗೆದವಳ ಮುಖ

ಅಂತೋಣಿ ಆ ಫೋಟೋವನ್ನು ಸ್ಟುಡಿಯೋ ಕಿಟಕಿಗೆ ಹಾಕದೆ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾನೆ ಎಂದು ಗೊತ್ತಾದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ರೀಲಿಗೆ ಬಿಸಿಲು ಬಿದ್ದಿರಬೇಕು, ಇಲ್ಲವೇ ನಾನು ಕಣ್ಣು ಮುಚ್ಚಿರಬೇಕು ಅಂದುಕೊಂಡೆ. ಐವತ್ತೊಂದು ವರ್ಷ ಬದುಕಿದವನಿಗೆ ಅವನ ಮನೆಯ ಸುದ್ದಿ ಸ್ಟುಡಿಯೋದ ಡ್ರಾಯರಿನಿಂದ ಸಿಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ. ಮುಚ್ಚಿಟ್ಟು ಏನು ಪ್ರಯೋಜನ.

ಹೊರಗಿನವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರಿನವರು ಫೋಟೋ ತೆಗೆದರೆ, ತೆಗೆದವರೂ ಅದರೊಳಗೆ ಬೀಳುತ್ತಾರೆ. ಬಲಗಡೆಯ ಅಂಚಿನಲ್ಲಿ, ಎದೆಯಿಂದ ಮೇಲಕ್ಕೆ, ಬಟನ್ ಒತ್ತಿದ ಕ್ಷಣದಲ್ಲಿ ಮುಖ ಹೇಗಿತ್ತೋ ಹಾಗೆ. ಕ್ಯಾಮೆರಾ ಮಾತ್ರ ಕಾಣುವುದಿಲ್ಲ. ಬೇರೆ ಊರುಗಳಲ್ಲಿ ಹಾಗಲ್ಲವಂತೆ. ಅಲ್ಲಿ ಮದುವೆಯ ಆಲ್ಬಂ ಮೊದಲಿನಿಂದ ಕೊನೆಯವರೆಗೆ ತಿರುವಿದರೂ ತೆಗೆದವನು ಯಾರು, ಅವನು ಹೆಣ್ಣಿನ ಕಡೆ ಹೇಗೆ ನೋಡುತ್ತಿದ್ದ ಎಂಬುದು ಗೊತ್ತೇ ಆಗುವುದಿಲ್ಲವಂತೆ. ಅದು ಹೇಗೆ ನಂಬಿ ಮನೆಯೊಳಗೆ ಬಿಟ್ಟುಕೊಳ್ಳುತ್ತಾರೋ ದೇವರೇ ಬಲ್ಲ.

ನಮ್ಮಲ್ಲಿ ಸ್ಟುಡಿಯೋ ಅಂತೋಣಿ ಮೂವತ್ತು ವರ್ಷದಿಂದ ಪ್ರತಿಯೊಂದು ಮದುವೆಯಲ್ಲೂ ಇದ್ದಾನೆ. ಅದೇ ಕಂದು ಕೋಟು, ಅದೇ ಕ್ರಾಪು. ತಾಳಿ ಕಟ್ಟುವಾಗ ಅಂಚಿನಲ್ಲಿ ಅಂತೋಣಿ, ಹೆಣ್ಣನ್ನು ಕಳಿಸಿಕೊಡುವಾಗ ಅಂಚಿನಲ್ಲಿ ಅಂತೋಣಿ. ಮೊಮ್ಮಕ್ಕಳು ಆಲ್ಬಂ ನೋಡಿ ಇವರು ನಮಗೆ ಏನಾಗಬೇಕು ಎಂದು ಕೇಳುತ್ತಾರೆ. ಎಂಥ ಮದುವೆಯಲ್ಲೂ ಅವನ ಮುಖದಲ್ಲಿ ಏನೂ ಇರುವುದಿಲ್ಲ, ಸಾರಿಸಿ ಬಿಟ್ಟ ಅಂಗಳದ ಹಾಗೆ. ಅದು ಕಲಿತು ಬಂದದ್ದು. ನಾವು ಅದನ್ನು ಮುಖ ಕಟ್ಟುವುದು ಅನ್ನುತ್ತೇವೆ. ಕ್ಯಾಮೆರಾ ಹಿಡಿಯುವ ವಯಸ್ಸು ಬಂದ ಮಕ್ಕಳಿಗೆ ಮೊದಲು ಮುಖ ಕಟ್ಟುವುದನ್ನು ಹೇಳಿಕೊಡುತ್ತಾರೆ, ಬಟನ್ ಎಲ್ಲಿದೆ ಎಂದು ಆಮೇಲೆ. ಇಲ್ಲದಿದ್ದರೆ ಅತ್ತಿಗೆಯ ಸೀರೆ ಕಂಡು ಉರಿದ ಹೊಟ್ಟೆ, ಮಾವನ ಮೇಲಿನ ಸಿಟ್ಟು, ಎಲ್ಲ ಅಂಚಿನಲ್ಲಿ ಬಂದು ಕೂತುಬಿಡುತ್ತದೆ. ತೊಳೆದ ಪ್ರತಿ ರೀಲಿನಿಂದಲೂ ಒಂದು ಫೋಟೋವನ್ನು ಅಂತೋಣಿ ಒಂದು ವಾರ ಸ್ಟುಡಿಯೋದ ಕಿಟಕಿಯಲ್ಲಿ ಹಾಕುವುದು ಬೇರೆ ಇದೆಯಲ್ಲ. ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಪೇಟೆಗೆ ಬಂದವರೆಲ್ಲ ಅಲ್ಲಿ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಾರೆ, ನೋಡುವುದೂ ಅಂಚನ್ನೇ.

ಹೆಣ್ಣು ನೋಡುವ ಶಾಸ್ತ್ರದಲ್ಲೂ ಇದೇ. ಉಪ್ಪಿಟ್ಟು ಕಾಫಿ ಆಗಿ ಹುಡುಗ ಮೈಮರೆತು ಕೂತಿರುವಾಗ ಹುಡುಗಿಯ ಸೋದರಮಾವ ಥಟ್ಟನೆ ಅವನ ಕೈಗೆ ಕ್ಯಾಮೆರಾ ಕೊಟ್ಟು, ಒಂದು ತೆಗೀರಿ ನೋಡೋಣ ಅನ್ನುತ್ತಾನೆ. ಮುಖ ಕಟ್ಟಲು ಅವನಿಗೆ ಪುರುಸೊತ್ತು ಸಿಗಬಾರದು. ಮೂರು ದಿನದ ಮೇಲೆ ಪ್ರಿಂಟು ಬಂದಾಗ ಅವನು ಹುಡುಗಿಯನ್ನು ಹೇಗೆ ನೋಡಿದ, ಅವಳನ್ನು ನೋಡಿದನೋ ಅವಳ ಬಳೆಯನ್ನು ನೋಡಿದನೋ, ಎಲ್ಲ ತಿಳಿಯುತ್ತದೆ. ಜಾತಕ ಕೂಡಿದರೂ ಅಂಚಿನಲ್ಲಿ ಮುರಿದುಹೋದ ಸಂಬಂಧಗಳು ನಮ್ಮೂರಲ್ಲಿ ಬೇಕಾದಷ್ಟಿವೆ.

ಇನ್ನು ನನ್ನ ವಿಷಯ. ನಾನು ವಾಗೀಶ, ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಯಾವ ಬಸ್ಸು ಯಾವ ಅಂಕಣದಲ್ಲಿ ನಿಲ್ಲಬೇಕು, ಎಷ್ಟಕ್ಕೆ ಬಿಡಬೇಕು ಎಂದು ಮೈಕಿನಲ್ಲಿ ಹೇಳುವವನು. ನನ್ನ ದನಿ ಕೇಳಿದರೆ ಡ್ರೈವರುಗಳು ಅರ್ಧ ಕುಡಿದ ಟೀ ಬಿಟ್ಟು ಏಳುತ್ತಾರೆ. ಮುಖ ಕಟ್ಟುವುದರಲ್ಲಿ ಅಂತೋಣಿ ಬಿಟ್ಟರೆ ನಾನೇ ಎಂದು ಊರಲ್ಲಿ ಹೆಸರಿತ್ತು. ಅವನದು ಖಾಲಿ ಮುಖ, ನನ್ನದು ಪ್ರೀತಿಯ ಮುಖ. ನಮ್ಮ ಮನೆಯ ಆಲ್ಬಂಗಳನ್ನು ನೋಡಿದವರು, ಹೆಂಡತಿ ಮಗಳನ್ನು ನೋಡೋ ಗಂಡಸು ಅಂದ್ರೆ ಹೀಗಿರಬೇಕು ಅನ್ನುತ್ತಿದ್ದರು. ನನಗೆ ಹೆಮ್ಮೆಯಿತ್ತು. ಇತ್ತು ಅಂತಲೇ ಹೇಳಬೇಕು.

ಮಾವನ ಮನೆಯಿಂದ ಬಂದ ಹಳೆಯ ಅಂಬಾಸಿಡರ್ ಕಾರಿನಲ್ಲಿ ವರ್ಷಕ್ಕೆ ಎರಡು ಸಲ ನಾವು ಪ್ರವಾಸ ಹೊರಡುತ್ತಿದ್ದೆವು. ನಾನು, ನನ್ನ ಹೆಂಡತಿ ದಾಕ್ಷಾಯಿಣಿ, ಒಬ್ಬಳೇ ಮಗಳು ಶೈಲಜಾ. ಅಣೆಕಟ್ಟು, ಜಲಪಾತ, ಕೋಟೆ, ನವಿಲು ಕುಣಿಯುವ ಬಯಲು, ಸುತ್ತಮುತ್ತ ನಾವು ನೋಡದ ಜಾಗವಿಲ್ಲ. ನಾನು ಹಿಂದಿನ ದಿನವೇ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಐದು ನಲವತ್ತಕ್ಕೆ ಹೊರಡುವುದು, ಏಳು ಹದಿನೈದಕ್ಕೆ ಇಡ್ಲಿ, ಇಪ್ಪತ್ತು ನಿಮಿಷ. ಒಂಬತ್ತಕ್ಕೆ ಮತ್ತು ಹನ್ನೊಂದೂವರೆಗೆ ಹೆಂಗಸರ ಅನುಕೂಲಕ್ಕೆ ಐದೈದು ನಿಮಿಷ. ನಡುವೆ ಕೇಳಿದರೆ ಕಾರು ನಿಲ್ಲುವುದಿಲ್ಲ. ಸುಂದರವಾದ ಜಾಗದಲ್ಲಿ ಅವರಿಬ್ಬರನ್ನು ನಿಲ್ಲಿಸಿ, ಗಲ್ಲ ಮೇಲೆ, ಕೈ ಕೆಳಗೆ, ನಗು ಎಂದು ಹೇಳಿ ನಾನೇ ಫೋಟೋ ತೆಗೆಯುತ್ತಿದ್ದೆ. ಕ್ಯಾಮೆರಾವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೀಗಾಗಿ ಶೈಲಜಾಗೆ ಮುಖ ಕಟ್ಟುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ.

ಅವಳಿಗೆ ಎಂಟು ವರ್ಷವಿದ್ದಾಗ ಜಿಂಕೆವನದಲ್ಲಿ ನಾಲ್ಕು ನಿಮಿಷ ತಡ ಮಾಡಿದಳು. ಟೈಂ ಅಂದ್ರೆ ಏನು ಎಂದು ಗೊತ್ತಾಗಲಿ ಎಂದು ನಾನು ಕಾರು ಓಡಿಸಿಕೊಂಡು ಹೋಗಿ ತಿರುವಿನಾಚೆ ಅರ್ಧ ಗಂಟೆ ನಿಲ್ಲಿಸಿಕೊಂಡಿದ್ದೆ. ವಾಪಸು ಬಂದಾಗ ಅವಳು ಮೈಲಿಗಲ್ಲನ್ನು ತಬ್ಬಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ಅಂದಿನಿಂದ ಇವತ್ತಿನವರೆಗೆ ಒಂದು ನಿಮಿಷ ತಡ ಮಾಡಿದವಳಲ್ಲ. ಈ ಕಥೆಯನ್ನು ನಾನು ಡ್ರೈವರುಗಳಿಗೆಲ್ಲ ಹೇಳಿ ನಗಿಸುತ್ತಿದ್ದೆ. ದಾಕ್ಷಾಯಿಣಿ ಆ ದಿನ ಊಟ ಮಾಡಲಿಲ್ಲ, ತಲೆನೋವು ಎಂದಳು. ನಾನು ಮಗಳ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಇದನ್ನೂ ಎಲ್ಲರಿಗೂ ಹೇಳುತ್ತಿದ್ದೆ.

ಈ ಬೇಸಿಗೆಯಲ್ಲಿ ಶೈಲಜಾ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಳು. ರಿಸಲ್ಟ್ ಕೇಳಿ ನನ್ನ ಅಕ್ಕ ಗಂಗಕ್ಕ ಬಂದಳು. ಘಟ್ಟದಾಚೆಯ ಊರಿನಲ್ಲಿ ಕಾಲೇಜು ಮೇಡಂ, ಗಂಡ ತೀರಿಕೊಂಡು ಆರು ವರ್ಷವಾಯಿತು, ಮಕ್ಕಳಿಲ್ಲ. ಚಕ್ಕುಲಿ ಡಬ್ಬಿಯ ಜೊತೆಗೆ ಬ್ಯಾಗಿನಿಂದ ಒಂದು ಅರ್ಜಿ ಫಾರಂ ತೆಗೆದು ಮೇಜಿನ ಮೇಲಿಟ್ಟಳು. ಎಲ್ಲ ತುಂಬಿತ್ತು. ತಂದೆಯ ಸಹಿ ಎಂದಿದ್ದ ಕಡೆ ಮಾತ್ರ ಖಾಲಿ.

"ವಾಗೀಶ, ಶೈಲೂನ ನನ್ನ ಜೊತೆ ಕಳಿಸ್ಕೊಡೋ. ಎರಡು ವರ್ಷ ನನ್ನ ಹತ್ರ ಇದ್ದು ಪಿಯುಸಿ ಮುಗಿಸ್ಲಿ."

"ಯಾಕೆ, ನಮ್ಮೂರಲ್ಲಿ ಕಾಲೇಜಿಲ್ವೇನಕ್ಕ?"

"ಇದೆ. ಆದ್ರೂ ಕಳಿಸು."

"ಅವಳು ನನ್ನ ಬಿಟ್ಟು ಒಂದು ದಿನ ಇರಲ್ಲ. ಬೇಕಾದ್ರೆ ನೀನೇ ನೋಡು," ಎಂದು ಅಡುಗೆಮನೆಯ ಕಡೆ ತಿರುಗಿ ಕರೆದೆ. ಶೈಲಜಾ ಬಂದು ನಿಂತಳು. "ಅಪ್ಪನ್ನ ಬಿಟ್ಟು ಅತ್ತೆ ಊರಿಗೆ ಹೋಗ್ತೀಯೇನಮ್ಮ?"

"ಇಲ್ಲಪ್ಪ."

"ಕೇಳಿಸ್ತೇನಕ್ಕ?"

"ಕೇಳಿಸ್ತು," ಎಂದಳು ಗಂಗಕ್ಕ. "ನೀನು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕೇಳಿದ ಹಾಗೆ ಕೇಳಿದ್ರೆ ಯಾರಾದ್ರೂ ಹಾಗೇ ಹೇಳ್ತಾರೆ. ಅವಳು ನಿನ್ನ ಬಿಟ್ಟಿರಲ್ಲ ಅನ್ನೋದು ನಿನ್ನ ಮಾತು ಕಣೋ, ಅವಳದಲ್ಲ."

ನನಗೆ ರೇಗಿತು. ಅಕ್ಕನಾಗಿದ್ದಕ್ಕೆ ತಡೆದುಕೊಂಡೆ. ತಡೆದುಕೊಂಡಾಗ ನನಗೆ ಒಂದು ಉಪಾಯ ಹೊಳೆಯಿತು, ಅದು ಹೊಳೆಯದೇ ಇದ್ದಿದ್ದರೆ ಎಂದು ಈಗ ದಿನಾ ಅಂದುಕೊಳ್ಳುತ್ತೇನೆ. "ಆಯ್ತಕ್ಕ, ಭಾನುವಾರ ಒಂಬತ್ತು ಕೆರೆ ಗುಡ್ಡಕ್ಕೆ ಹೋಗ್ತಿದೀವಿ. ನೀನೂ ಬಾ. ಅಲ್ಲಿ ಶೈಲು ಕೈಗೆ ಕ್ಯಾಮೆರಾ ಕೊಡ್ತೀನಿ, ನನ್ನ ಫೋಟೋ ತೆಗೀಲಿ. ನನ್ನ ಹೇಗೆ ನೋಡ್ತಾಳೆ ಅಂತ ಅಂತೋಣಿ ಕಿಟಕಿಯಲ್ಲಿ ಊರೇ ನೋಡ್ಲಿ. ಆಮೇಲೆ ನಿನ್ನ ಫಾರಂ ವಾಪಸು ತಗೊಂಡು ಹೋಗು."

ದಾಕ್ಷಾಯಿಣಿ ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಬೇಡ ರೀ. ಅವಳಿಗೆ ಮುಖ ಕಟ್ಟೋಕೆ ಬರಲ್ಲ," ಎಂದಳು.

"ಬರದಿದ್ರೆ ಒಳ್ಳೇದೇ ಆಯ್ತು," ಎಂದೆ. "ಕಟ್ಟದ ಮುಖಾನೇ ತಾನೆ ಅಕ್ಕನಿಗೆ ಬೇಕಾಗಿರೋದು."

ಭಾನುವಾರ ಐದು ನಲವತ್ತಕ್ಕೆ ಸರಿಯಾಗಿ ಹೊರಟೆವು. ದಾರಿಯುದ್ದಕ್ಕೂ ಎಲ್ಲ ನನ್ನ ಟೈಂಟೇಬಲ್ಲಿನಂತೆಯೇ ನಡೆಯಿತು. ಯಾರೂ ನಡುವೆ ಕಾರು ನಿಲ್ಲಿಸಿ ಅನ್ನಲಿಲ್ಲ. ಇಡ್ಲಿ ಹದಿನೆಂಟೇ ನಿಮಿಷಕ್ಕೆ ಮುಗಿಯಿತು. ಮೂರು ಗಂಟೆಯಲ್ಲಿ ಈ ಹುಡುಗಿ ಒಂದು ಮಾತಾಡಿಲ್ಲ ನೋಡಿದ್ಯಾ ಎಂದು ಗಂಗಕ್ಕ ನನ್ನ ಕಿವಿಯ ಹತ್ತಿರ ಹೇಳಿದಳು. ಶಿಸ್ತು ಎಂದೆ. ಗುಡ್ಡದ ತುದಿಯಲ್ಲಿ ನಿಂತರೆ ಒಂಬತ್ತು ಕೆರೆಗಳು ಒಟ್ಟಿಗೆ ಕಾಣಿಸುತ್ತವೆ. ಬೇಸಿಗೆಯಾದ್ದರಿಂದ ಒಂದೆರಡು ತೆಳ್ಳಗಾಗಿದ್ದವು. ಶೈಲಜಾ ಮತ್ತು ಗಂಗಕ್ಕ ಬಂಡೆಯ ಹಿಂದೆ ನಿಂತು ಎಣಿಸುತ್ತ, ಒಬ್ಬಳು ಎಂಟು, ಒಬ್ಬಳು ಹತ್ತು ಎಂದು ಜೋರಾಗಿ ನಗುತ್ತಿದ್ದರು. ನಮ್ಮ ಹುಡುಗಿಗೆ ಅಷ್ಟು ದೊಡ್ಡ ನಗು ಇದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಕರೆದೆ. ಇಬ್ಬರೂ ಓಡಿ ಬಂದರು.

ನಾನು ನಡುವೆ ನಿಂತೆ. ಎಡಗಡೆ ದಾಕ್ಷಾಯಿಣಿ, ಬಲಗಡೆ ಗಂಗಕ್ಕ. ಹದಿನೈದು ವರ್ಷದಿಂದ ಅಂಚಿನಲ್ಲಿ ನಿಂತವನಿಗೆ ನಡುವೆ ನಿಲ್ಲುವುದು ಎಷ್ಟು ಖುಷಿ ಎಂದು ಆಗಲೇ ತಿಳಿದದ್ದು. ಶೈಲಜಾ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣಿಗೆ ಇಟ್ಟುಕೊಂಡಳು. "ಬೀಳಿಸಬೇಡ," ಎಂದೆ. "ನನ್ನನ್ನೇ ನೋಡು," ಎಂದೆ. ಬಟನ್ ಒತ್ತಿದಳು. ಕ್ಯಾಮೆರಾವನ್ನು ತಂದು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅಷ್ಟೇ ನಡೆದದ್ದು. ಗಂಗಕ್ಕ ಫಾರಂ ಎತ್ತಿಟ್ಟುಕೊಂಡು ಅವತ್ತು ಸಂಜೆಯೇ ತನ್ನ ಊರಿಗೆ ಹೋದಳು. ಫಾರಂ ಕೊಡಲು ಇನ್ನೂ ಹನ್ನೊಂದು ದಿನ ಇತ್ತು, ಕೊನೆಯ ದಿನದ ಹಿಂದಿನ ಮಧ್ಯಾಹ್ನ ಬರುತ್ತೇನೆ, ನಿನ್ನ ಫೋಟೋ ನೋಡೋಣ ಎಂದಳು.

ಬುಧವಾರ ಹನ್ನೊಂದರ ಬಸ್ಸು ಬಿಟ್ಟು ಸ್ಟುಡಿಯೋಗೆ ಹೋದೆ. ಕಿಟಕಿಯಲ್ಲಿ ಯಾರದೋ ನಾಮಕರಣ ಇತ್ತು. ನಮ್ಮದು ಇರಲಿಲ್ಲ. ಅಂತೋಣಿ ನನ್ನನ್ನು ಕಂಡು ಕೌಂಟರಿನಿಂದ ಎದ್ದು ಬಂದು ಬಾಗಿಲು ಮುಂದಕ್ಕೆ ಹಾಕಿದ. ಡ್ರಾಯರಿನಿಂದ ಕವರು ತೆಗೆದು, ಕೊಡದೆ, ಕೈಯಲ್ಲೇ ಇಟ್ಟುಕೊಂಡ.

"ಕಂಟ್ರೋಲರ್ ಸಾರ್, ಕೂತ್ಕೊಳ್ಳಿ."

"ಯಾಕಯ್ಯ, ಪ್ರಿಂಟು ಹಾಳಾಯ್ತಾ?"

"ಪ್ರಿಂಟು ಚೆನ್ನಾಗಿ ಬಂದಿದೆ. ನಿಮ್ಮನ್ನ ಕೇಳದೆ ಇದನ್ನ ಕಿಟಕಿಗೆ ಹಾಕೋಕೆ ನನಗೆ ಮನಸ್ಸು ಬರಲಿಲ್ಲ. ನಮ್ಮಪ್ಪನ ಕಾಲದಿಂದ ಹೀಗೆ ಬಿಟ್ಟಿದ್ದು ಇದೇ ಮೊದಲು."

ಕೊಟ್ಟ. ನಡುವೆ ನಾನು ಎದೆಯುಬ್ಬಿಸಿ ನಿಂತಿದ್ದೆ. ಹಿಂದೆ ಕೆರೆಗಳು ಹೊಳೆಯುತ್ತಿದ್ದವು. ಬಲಗಡೆಯ ಅಂಚಿನಲ್ಲಿ ನನ್ನ ಮಗಳು. ನನಗೆ ಮೊದಲು ಅವಳ ಗುರುತೇ ಸಿಗಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಕಣ್ಣು ಅಷ್ಟಗಲ ತೆರೆದಿದ್ದವು. ತುಟಿ ಬಿಳಿಚಿಕೊಂಡಿತ್ತು. ಕತ್ತು ಹಿಂದಕ್ಕೆ ಎಳೆದುಕೊಂಡು, ಭುಜ ಎರಡೂ ಕಿವಿಯವರೆಗೆ ಬಂದಿದ್ದವು. ಏಟು ಬೀಳುವ ಮೊದಲು ಮಕ್ಕಳು ಹೀಗೆ ನಿಲ್ಲುತ್ತಾರೆ.

"ಹಾವು," ಎಂದೆ. "ನಮ್ಮ ಹಿಂದೆ ಹಾವು ಬಂದಿರಬೇಕು ಅಂತೋಣಿ. ಪಾಪ, ಹೇಳೋಕೆ ಬಾಯಿ ಬಂದಿಲ್ಲ ಮಗೂಗೆ."

"ನಾನೂ ಹಾಗೇ ಅಂದ್ಕೊಂಡೆ ಸಾರ್. ಹಿಂದಿನ ಬಂಡೆ, ಹುಲ್ಲು ಎಲ್ಲ ದೊಡ್ಡದು ಮಾಡಿ ನೋಡ್ದೆ. ಒಂದು ಇರುವೇನೂ ಇಲ್ಲ." ಅವನು ಸ್ಕೇಲು ತೆಗೆದು ಫೋಟೋದ ಮೇಲೆ ಅವಳ ಕಣ್ಣಿನಿಂದ ಅಡ್ಡಲಾಗಿ ಇಟ್ಟ. ಸ್ಕೇಲಿನ ಇನ್ನೊಂದು ತುದಿ ನನ್ನ ಮುಖದ ಮೇಲೆ ಬಂದು ನಿಂತಿತು.

ಅಂತೋಣಿ ಏನೋ ಹೇಳುತ್ತಿದ್ದ, ಕಿವಿಗೆ ಬೀಳಲಿಲ್ಲ. ಹನ್ನೊಂದು ಇಪ್ಪತ್ತರ ಬಸ್ಸಿಗೆ ನಾನು ಮೈಕಿನ ಮುಂದೆ ಇರಬೇಕಿತ್ತು, ಇರಲಿಲ್ಲ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಒಂದು ಬಸ್ಸು ನಾನು ಹೇಳದೆಯೇ ಹೊರಟುಹೋಯಿತು.

ಮನೆಗೆ ಬಂದು ದಾಕ್ಷಾಯಿಣಿಯ ಮುಂದೆ ಫೋಟೋ ಹಿಡಿದೆ. ಶೈಲಜಾ ಗೆಳತಿಯ ಮನೆಗೆ ಹೋಗಿದ್ದಳು. ದಾಕ್ಷಾಯಿಣಿಯೂ ಬೆಚ್ಚಿಬೀಳುತ್ತಾಳೆ, ಇಬ್ಬರೂ ಕೂತು ಏನು ಮಾಡೋಣ ಎಂದು ಯೋಚಿಸಬಹುದು ಅಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ಫೋಟೋ ತೆಗೆದುಕೊಂಡು ನೋಡಿದಳು. ಬೆಚ್ಚಲಿಲ್ಲ.

"ನಿಮಗೆ ಇದು ಈಗ ಗೊತ್ತಾಯ್ತಾ?" ಎಂದಳು.

"ನಿನಗೆ ಗೊತ್ತಿತ್ತಾ?"

"ನೀವು ಬೆನ್ನು ತಿರುಗಿಸಿದ ಮೇಲೆ ಅವಳ ಮುಖ ನೋಡೋದು ನಾನೇ ಅಲ್ವೇನ್ರಿ. ಸಂಜೆ ನಿಮ್ಮ ಚಪ್ಪಲಿ ಸದ್ದು ಕೇಳಿದ್ರೆ ಪುಸ್ತಕ ಮಡಚಿ ಎದ್ದು ನಿಲ್ತಾಳೆ. ಭಕ್ತಿ ಅಂದ್ಕೊಂಡಿದ್ರಾ?"

ಹೌದು, ಭಕ್ತಿ ಎಂದೇ ಅಂದುಕೊಂಡಿದ್ದೆ. ಈ ಮಾತನ್ನು ಅವಳಿಗೆ ಹೇಳಲು ನಾಚಿಕೆಯಾಯಿತು. ಬಾಗಿಲ ಪಕ್ಕ ಕೂತೆ. ಹೆದರಿಸಿದ್ದೀನಾ ನಾನು, ಯಾವತ್ತು ಹೆದರಿಸಿದೆ, ಒಂದು ಏಟು ಹೊಡೆದಿಲ್ಲವಲ್ಲೇ ಎಂದೆ. ಹೊಡೆದಿದ್ರೆ ಅತ್ತಾದ್ರೂ ಮುಗಿಸಿರೋಳು ಎಂದಳು. ಇಷ್ಟು ವರ್ಷದಲ್ಲಿ ಅವಳು ನನಗೆ ಹೀಗೆ ಮಾತಾಡಿದ್ದೂ ಇದೇ ಮೊದಲು. ಒಂದೇ ದಿನದಲ್ಲಿ ಎಷ್ಟು ಮೊದಲುಗಳನ್ನು ತಡೆದುಕೊಳ್ಳುವುದು.

ಇಂಥ ಹೊತ್ತಿನಲ್ಲಿ ಬೇರೆ ಅಪ್ಪಂದಿರು ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಮಾಡಿದ್ದನ್ನು ಹೇಳುತ್ತೇನೆ. ಫೋಟೋವನ್ನು ಮತ್ತೆ ತೆಗೆಸೋಣ ಎಂದು ತೀರ್ಮಾನಿಸಿದೆ. ಮುಖ ಕಟ್ಟಲು ಬಾರದ ಹುಡುಗಿ, ಕ್ಯಾಮೆರಾ ಅವಳ ಕೈಗೆ ಹೊಸದು, ಬೀಳಿಸಿಬಿಟ್ಟರೆ ಎಂಬ ದಿಗಿಲಿರಬೇಕು, ಅದೇ ಮುಖಕ್ಕೆ ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸರಿಯಾಗಿ ಕಲಿಸಿ ಇನ್ನೊಂದು ತೆಗೆಸಿದರೆ, ಮೊದಲನೆಯ ರೀಲು ಹಾಳಾಯಿತು ಎಂದು ಗಂಗಕ್ಕನಿಗೆ ಹೇಳಬಹುದು. ಫಾರಂ ವಾಪಸು ಹೋಗುತ್ತದೆ, ಮಗಳು ಮನೆಯಲ್ಲಿ ಉಳಿಯುತ್ತಾಳೆ. ಉಳಿದರೆ ನಿಧಾನಕ್ಕೆ ಎಲ್ಲ ಸರಿಮಾಡಿಕೊಳ್ಳಬಹುದಲ್ಲ. ಹೋಗಿಬಿಟ್ಟರೆ ಆ ಮುಖ ಹಾಗೆಯೇ ಉಳಿದುಬಿಡುತ್ತದೆ ಎಂದು ನನಗೆ ಭಯವಾಯಿತು. ನಿಜವಾಗಿ ಭಯವಾಯಿತು.

ಮುಂದಿನ ಭಾನುವಾರ ಮತ್ತೆ ಗುಡ್ಡಕ್ಕೆ ಹೊರಟೆವು. ಈ ಸಲ ಟೈಂಟೇಬಲ್ ಬರೆಯಲಿಲ್ಲ. ಮನಸ್ಸು ಬಂದಾಗ ಹೊರಡೋಣ ಎಂದೆ. ಬೇಕಾದ ಕಡೆ ನಿಲ್ಲಿಸುತ್ತೇನೆ, ಹೇಳಮ್ಮ ಎಂದೆ. ದಾರಿಯಲ್ಲಿ ಎಳನೀರು ಕೊಡಿಸಿದೆ. ಶೈಲಜಾ ಗೋಡೆಯ ಮೇಲಿನ ಖಾಲಿ ಜಾಗವನ್ನು ನೋಡಿಕೊಂಡೇ ಹೊರಟವಳು, ಎಳನೀರನ್ನು ಅರ್ಧ ಕುಡಿದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಅಪ್ಪ, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದಳು. ಟೈಂಟೇಬಲ್ ಇದ್ದಾಗ ಹೆದರುತ್ತಿದ್ದವಳು ಅದು ಇಲ್ಲವೆಂದು ಇನ್ನೂ ಹೆದರಿದ್ದಳು. ಇಲ್ಲಮ್ಮ, ಹೋದ ಸಲ ಕ್ಯಾಮೆರಾ ಅಲುಗಾಡಿಬಿಟ್ಟಿದೆ ಅಷ್ಟೇ ಎಂದೆ. ನನ್ನ ದನಿಯನ್ನು ಎಷ್ಟು ಸಣ್ಣ ಮಾಡಿದರೂ ಕಾರಿನ ಗಾಜು ನಡುಗುವ ಹಾಗೆ ಕೇಳಿಸುತ್ತಿತ್ತು. ಅದಕ್ಕಿಂತ ಸಣ್ಣ ದನಿ ನನ್ನಲ್ಲಿ ಇರಲಿಲ್ಲ.

ಗುಡ್ಡದ ಮೇಲೆ ಅವಳನ್ನು ಬಂಡೆಯ ಮೇಲೆ ಕೂರಿಸಿ ಮುಖ ಕಟ್ಟುವುದನ್ನು ಹೇಳಿಕೊಟ್ಟೆ. "ಇದು ಕಷ್ಟ ಅಲ್ಲ ಮಗಳೇ. ಎದುರಿಗೆ ಏನೇ ಇರ್ಲಿ, ಬಟನ್ ಒತ್ತೋವಾಗ ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನ ಮನಸ್ಸಿಗೆ ತಂದ್ಕೋ. ಅದು ಮುಂದೇನೇ ಇದೆ ಅಂದ್ಕೋ. ಮುಖ ತಾನೇ ಬರುತ್ತೆ. ಸುಳ್ಳು ಸುಳ್ಳು ಅಂದ್ಕೊಂಡ್ರೆ ಬರಲ್ಲ, ನಿಜವಾಗ್ಲೂ ಅಂದ್ಕೋಬೇಕು."

"ನೀವು ಏನು ಅಂದ್ಕೋತೀರಪ್ಪ?"

"ಹಲಸಿನ ಹಣ್ಣಿನ ಕಡುಬು," ಎಂದು ನಕ್ಕೆ. "ಮೇಲೆ ಬಿಸಿ ತುಪ್ಪ."

ಹೇಳಿದ ಮೇಲೆ ತಿಳಿಯಿತು, ಏನು ಹೇಳಿದೆ ಎಂದು. ಅವಳು ಹುಟ್ಟಿದಾಗಿನಿಂದ ಆಲ್ಬಂಗಳ ಅಂಚಿನಲ್ಲಿ ನಿಂತು ಅವಳನ್ನು ನೋಡುತ್ತಿದ್ದ ಆ ಪ್ರೀತಿಯ ಮುಖ ಕಡುಬಿನದು ಎಂದು ನಾನೇ ಬಾಯಿಬಿಟ್ಟು ಹೇಳಿಬಿಟ್ಟಿದ್ದೆ. ದಾಕ್ಷಾಯಿಣಿ ಆಚೆ ತಿರುಗಿ ಕೆರೆಗಳನ್ನು ನೋಡತೊಡಗಿದಳು. ಶೈಲಜಾ ನನ್ನ ಮುಖವನ್ನೇ ನೋಡುತ್ತ, "ಓ," ಎಂದಳು. ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಲೆಕ್ಕದ ಮೇಷ್ಟ್ರು ಹೊಸ ಲೆಕ್ಕ ಹೇಳಿಕೊಟ್ಟಾಗ ಅನ್ನುವಂತೆ ಅಂದಳು. ಹಾಗಲ್ಲಮ್ಮ, ಅದು ಬರೀ ಅಭ್ಯಾಸಕ್ಕೆ ಎಂದು ನಾನು ತೊದಲಿದೆ. ಸರಿ ಅಪ್ಪ ಎಂದು ಎದ್ದು ಕ್ಯಾಮೆರಾ ತೆಗೆದುಕೊಂಡಳು. ನಾನೂ ದಾಕ್ಷಾಯಿಣಿಯೂ ನಿಂತೆವು. ಶೈಲಜಾ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತು, ತೆರೆದು, ಬಟನ್ ಒತ್ತಿದಳು.

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಮೈಕಿನಲ್ಲಿ ಎರಡು ಸಲ ಊರಿನ ಹೆಸರು ತಪ್ಪಾಗಿ ಹೇಳಿದೆ. ಗಂಗಕ್ಕ ಬರುವ ದಿನ ಬೆಳಗ್ಗೆ ಡ್ರೈವರ್ ಒಬ್ಬ ನನ್ನ ರೂಮಿನ ಕಿಟಕಿಯಲ್ಲಿ ತಲೆ ತೂರಿಸಿ, "ಕಂಟ್ರೋಲರ್ ಸಾರ್, ನಿಮ್ಮ ಮಗಳ ಫೋಟೋ ಕಿಟಕಿಗೆ ಬಂದಿದೆ. ಏನ್ ನಗು ಸಾರ್ ಅದು, ಸ್ವೀಟ್ ಹಂಚಬೇಕು ನೀವು," ಎಂದ. ನಾನು ಓಡಿದೆ. ನನ್ನ ವಯಸ್ಸಿಗೆ, ನನ್ನ ಮೈಗೆ, ಪೇಟೆಬೀದಿಯಲ್ಲಿ ಓಡಿದೆ.

ಕಿಟಕಿಯ ಮುಂದೆ ಏಳೆಂಟು ಜನ ನಿಂತಿದ್ದರು. ಜಾಗ ಬಿಟ್ಟುಕೊಟ್ಟರು. ನಡುವೆ ನಾನು ಮತ್ತು ದಾಕ್ಷಾಯಿಣಿ, ಅಂಚಿನಲ್ಲಿ ಶೈಲಜಾ. ಅಂಥ ಮುಖವನ್ನು ನಾನು ನಮ್ಮೂರ ಕಿಟಕಿಯಲ್ಲಿ ಯಾವತ್ತೂ ನೋಡಿರಲಿಲ್ಲ. ಕಣ್ಣಲ್ಲಿ ಬೆಳಕಿತ್ತು. ಭುಜ ಇಳಿದಿದ್ದವು. ನಗು ತುಟಿಯಿಂದ ಶುರುವಾಗಿ ಕಿವಿಯವರೆಗೆ ಹೋಗಿತ್ತು, ಬಂಡೆಯ ಹಿಂದೆ ಗಂಗಕ್ಕನ ಜೊತೆ ನಕ್ಕಿದ್ದಳಲ್ಲ, ಅದಕ್ಕಿಂತ ದೊಡ್ಡದು. ಆ ಕಣ್ಣು ನೋಡುತ್ತಿದ್ದದ್ದು ನನ್ನನ್ನು. ಸ್ಕೇಲು ಇಡುವ ಅಗತ್ಯವೇ ಇರಲಿಲ್ಲ. ಇವಳು ಕಟ್ಟಿದ ಮುಖವೇ ಇರಲಿ, ಒಂದು ದಿನದ ಪಾಠಕ್ಕೆ ಇಷ್ಟು ಬರಬೇಕಾದರೆ ಒಳಗೆ ಎಲ್ಲೋ ಒಂದಿಷ್ಟು ನಿಜ ಇದ್ದೇ ಇರಬೇಕು ಅಂದುಕೊಂಡೆ. ನಿಜವಾಗಲೂ ಅಂದುಕೊಂಡರೆ ಮಾತ್ರ ಬರುತ್ತದೆ ಎಂದು ಹೇಳಿಕೊಟ್ಟವನೇ ನಾನು.

ಮಧ್ಯಾಹ್ನ ಗಂಗಕ್ಕ ಬಸ್ಸಿಳಿದಳು. ದಾಕ್ಷಾಯಿಣಿ, ಶೈಲಜಾ ಇಬ್ಬರನ್ನೂ ಕರೆಸಿಕೊಂಡು ನಾನೇ ಮುಂದಾಗಿ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಮೊದಲನೆಯ ರೀಲು ಹಾಳಾಯಿತು ಎಂಬ ಸುಳ್ಳನ್ನು ದಾರಿಯಲ್ಲೇ ಹೇಳಿದ್ದೆ. ಅಂತೋಣಿ ನನ್ನ ಕಡೆ ನೋಡಲಿಲ್ಲ. ಗಂಗಕ್ಕ ಕಿಟಕಿಯ ಮುಂದೆ ಬಹಳ ಹೊತ್ತು ನಿಂತು, ಒಳಗೆ ಬಂದು, ಬ್ಯಾಗನ್ನು ಕೌಂಟರಿನ ಮೇಲಿಟ್ಟಳು. "ಇದನ್ನ ನೋಡಿದ ಮೇಲೆ ನಾನೇನೂ ಹೇಳೋ ಹಾಗಿಲ್ಲ ವಾಗೀಶ," ಎಂದಳು. ಅವಳ ಮುಖ ಇಳಿದುಹೋಗಿತ್ತು. "ಫಾರಂ ಬ್ಯಾಗಲ್ಲಿದೆ, ಹರಿದುಹಾಕು."

ಗೆದ್ದೆ. ಗೆದ್ದವನು ಸುಮ್ಮನೆ ಮನೆಗೆ ಹೋಗಬೇಕಿತ್ತು. ಆದರೆ ನನಗೆ ಬೇಕಾಗಿದ್ದದ್ದು ಫಾರಂ ಹರಿಯುವುದಾಗಿರಲಿಲ್ಲ, ಒಂದು ವಾರದಿಂದ ನನ್ನ ಶರ್ಟಿನ ಜೇಬಿನಲ್ಲಿ ಮಡಚಿಕೊಂಡಿದ್ದ ಆ ಇನ್ನೊಂದು ಮುಖ ಸುಳ್ಳು ಎಂದು ಯಾರಾದರೂ ಹೇಳಬೇಕಾಗಿತ್ತು. ಹೇಳಬಲ್ಲವಳು ಒಬ್ಬಳೇ. ಶೈಲಜಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದೆ.

"ಮಗಳೇ, ಇಷ್ಟು ಚೆನ್ನಾಗಿ ನಕ್ಕಿದೀಯಲ್ಲ. ಬಟನ್ ಒತ್ತೋವಾಗ ಏನು ಅಂದ್ಕೊಂಡೆ?"

ಅವಳು ತಾಯಿಯ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ನಾನು ಕೇಳಿದ್ದಕ್ಕೆ ಕೂಡಲೇ ಉತ್ತರ ಕೊಡಬೇಕು, ಇದ್ದದ್ದನ್ನೇ ಹೇಳಬೇಕು ಎಂಬುದು ನಾನು ಮನೆಯಲ್ಲಿ ಮಾಡಿದ ನಿಯಮ. ಅವಳ ಭುಜ ಮೆಲ್ಲಗೆ ಮೇಲೆ ಹೋಗುವುದನ್ನು ಈ ಸಲ ನಾನು ಕಣ್ಣಾರೆ ನೋಡಿದೆ.

"ನೀವು ಅಲ್ಲಿಲ್ಲ ಅಂತ ಅಂದ್ಕೊಂಡೆ ಅಪ್ಪ," ಎಂದಳು. "ಅಮ್ಮ ಒಬ್ಬಳೇ ನಿಂತಿದಾಳೆ, ಪಕ್ಕದಲ್ಲಿ ಬರೀ ಕೆರೆ ಕಾಣಿಸ್ತಿದೆ ಅಂತ. ನಿಜವಾಗ್ಲೂ ಅಂದ್ಕೊಂಡೆ."

ಹೇಳಿ, ಇನ್ನೇನು ಆಗುತ್ತದೋ ಎಂದು ಕಾದು ನಿಂತಳು. ಕೂಗಬೇಕು ಅನ್ನಿಸಿತು, ಅಳಬೇಕು ಅನ್ನಿಸಿತು, ಎರಡಕ್ಕೂ ದನಿ ಇರಲಿಲ್ಲ. ಕೌಂಟರಿಗೆ ಹೋಗಿ ಗಂಗಕ್ಕನ ಬ್ಯಾಗಿನಿಂದ ಫಾರಂ ತೆಗೆದೆ. ಹರಿಯುತ್ತಾನೆ ಎಂದು ಅವಳು ಬೇರೆ ಕಡೆ ಮುಖ ಮಾಡಿದಳು. ಅಂತೋಣಿಯ ಪೆನ್ನು ಇಸಿದುಕೊಂಡು ತಂದೆಯ ಸಹಿ ಎಂದಿದ್ದ ಕಡೆ ಹೆಸರು ಬರೆದೆ. ಅಕ್ಷರ ಸೊಟ್ಟಗಾದವು.

ಹೊರಗಡೆ ಕಿಟಕಿಯ ಮುಂದೆ ಮತ್ತೆ ಜನ ಸೇರಿದ್ದರು. ಯಾರೋ ಮುದುಕರು ಒಳಗೆ ಇಣುಕಿ ನನ್ನ ಗುರುತು ಹಿಡಿದರು. "ನೀವೇ ಅಲ್ವಾ ಹುಡುಗಿ ಅಪ್ಪ? ನಾನೂ ಎಪ್ಪತ್ತು ವರ್ಷದಿಂದ ಈ ಕಿಟಕಿ ನೋಡ್ತಾ ಇದೀನಿ ಸ್ವಾಮಿ. ಅಪ್ಪನ್ನ ಕಂಡ್ರೆ ಮಕ್ಕಳಿಗೆ ಇಷ್ಟು ಖುಷಿ ಆಗೋದನ್ನ ಎಲ್ಲೂ ನೋಡಿಲ್ಲ. ಪುಣ್ಯ ಮಾಡಿದೀರಿ," ಎಂದರು.

ಶೈಲಜಾ ನನ್ನನ್ನೇ ನೋಡುತ್ತಿದ್ದಳು.

ಹೌದು ಎಂದೆ.